ಪೆನ್ನಿನಿಂದ ಕುಂಚಕ್ಕೆ: ಮನೆಯಲ್ಲಿ ಕಟ್ಟಿದ ಚಿತ್ರಯಂತ್ರಗಳ ಬೆಳವಣಿಗೆ

ಚಿತ್ರ ಬರೆಯುವ ಯಂತ್ರವೆಂದರೆ ಕೃತಕ ಬುದ್ಧಿಮತ್ತೆಯ ಕೂಸು ಎಂಬ ನಂಬಿಕೆ ಈಚಿನ ವರ್ಷಗಳಲ್ಲಿ ಗಟ್ಟಿಯಾಗಿ ಬೇರೂರಿದ್ದು, 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 4,32,500 ಡಾಲರಿಗೆ ಮಾರಾಟವಾದ ‘ಎಡ್ಮಂಡ್ ಡಿ ಬೆಲಾಮಿ’ ಎಂಬ ಭಾವಚಿತ್ರದಿಂದಲೇ ಈ ಕ್ಷೇತ್ರದ ಚರಿತ್ರೆ ಶುರುವಾಯಿತೆಂಬಂತೆ ಮಾತನಾಡುವುದು ರೂಢಿಯಾಗಿದೆ. ವಾಸ್ತವದಲ್ಲಿ ಆ ಚಿತ್ರಕ್ಕಾಗಿ ಯಾವ ಯಂತ್ರವೂ ಬಣ್ಣದಲ್ಲಿ ಕುಂಚ ಅದ್ದಲಿಲ್ಲ. ಗಣಕದಲ್ಲಿ ಸಿದ್ಧವಾದ ಬಿಂಬವನ್ನು ಮುದ್ರಣಯಂತ್ರವೊಂದು ಕ್ಯಾನ್ವಾಸಿನ ಮೇಲೆ ಅಚ್ಚೊತ್ತಿತು, ಅಷ್ಟೆ. ಬಿಂಬವನ್ನು ಹುಟ್ಟಿಸುವ ತಂತ್ರಾಂಶದ ಕಥೆಯೇ ಬೇರೆ, ಒದ್ದೆ ಬಣ್ಣವನ್ನು ಕಾಗದಕ್ಕೆ ಹಚ್ಚುವ ಯಂತ್ರದ ಕಥೆಯೇ ಬೇರೆ. ಎರಡನೆಯದು ಹಳೆಯದು, ಬಹುಮಟ್ಟಿಗೆ ಮನೆಯ ಮೂಲೆಗಳಲ್ಲೂ ಸಣ್ಣ ಕಾರ್ಯಾಗಾರಗಳಲ್ಲೂ ನಡೆದದ್ದು, ಆ ಕಾರಣಕ್ಕೇ ಸರಿಯಾಗಿ ದಾಖಲಾಗದೆ ಉಳಿದದ್ದು.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1768 ಮತ್ತು 1774ರ ನಡುವೆ ಸ್ವಿಟ್ಜರ್ಲೆಂಡಿನ ಗಡಿಯಾರ ಕುಶಲಕರ್ಮಿಗಳಾದ ಷಾಕೆ-ಡ್ರೋ ಮನೆತನದವರು ನಿರ್ಮಿಸಿದ, ಇಂದಿಗೂ ನೆಷಾಟೆಲ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರಕಾರ ಬೊಂಬೆಯೂ, ಮುಂದೆ ಮೈಯಾರ್ದೆ ಎಂಬ ಕುಶಲಕರ್ಮಿ ಕಟ್ಟಿದ, ಈಗ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯಲ್ಲಿರುವ ಬೊಂಬೆಯೂ ಕ್ಯಾಮ್‌ಗಳಿಂದ, ಅಂದರೆ ಅಂಚನ್ನು ಏರುತಗ್ಗಾಗಿ ಕತ್ತರಿಸಿದ ಲೋಹದ ಬಿಲ್ಲೆಗಳಿಂದ, ಕೈಯ ಚಲನೆಯನ್ನು ಪಡೆಯುತ್ತಿದ್ದವು. ಬಿಲ್ಲೆಯಲ್ಲಿ ಕೊರೆದಿಟ್ಟ ತಲಾ ನಾಲ್ಕೇ ಚಿತ್ರಗಳನ್ನು ಅವು ಮತ್ತೆ ಮತ್ತೆ ಬರೆಯುತ್ತಿದ್ದವು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜಪಾನಿನ ಗುಟಾಯ್ ಎಂಬ ಕಲಾವಿದರ ಗುಂಪಿನ ಅಕಿರಾ ಕನಯಾಮ 1957ರಲ್ಲಿ ದೂರನಿಯಂತ್ರಿತ ಆಟಿಕೆ ಕಾರಿನಿಂದ ಬಣ್ಣ ಸುರಿಸಿದ್ದನ್ನೂ, 1959ರಲ್ಲಿ ಜಾನ್ ಟಿಂಗ್ಲಿ ಪ್ಯಾರಿಸಿನಲ್ಲಿ ‘ಮೆಟಾಮ್ಯಾಟಿಕ್’ ಯಂತ್ರಗಳನ್ನು ಪ್ರದರ್ಶಿಸಿದ್ದನ್ನೂ ಕಲೆಯ ಚರಿತ್ರೆಗಳು ತಪ್ಪದೆ ಹೇಳುತ್ತವೆ. ಆದರೆ ಟಿಂಗ್ಲಿಯ ಗುರಿ ಚಿತ್ರವಾಗಿರಲಿಲ್ಲ, ಚಿತ್ರ ಬರೆಯುವವರ ಗಾಂಭೀರ್ಯವನ್ನು ಗೇಲಿ ಮಾಡುವುದಾಗಿತ್ತು.

ಮನೆಯಲ್ಲಿ ಕಟ್ಟಿದ ಯಂತ್ರವೆಂಬ ಮಾತಿಗೆ ನಿಜವಾಗಿ ಸಲ್ಲುವ ಮೊದಲ ಹೆಸರು ಮ್ಯಾಂಚೆಸ್ಟರಿನ ತತ್ತ್ವಶಾಸ್ತ್ರ ಅಧ್ಯಾಪಕ ಡೆಸ್ಮಂಡ್ ಪಾಲ್ ಹೆನ್ರಿಯದು. ಯುದ್ಧವಿಮಾನಗಳಲ್ಲಿ ಬಾಂಬಿನ ಗುರಿ ಲೆಕ್ಕ ಹಾಕಲು ಬಳಸುತ್ತಿದ್ದ ಯಾಂತ್ರಿಕ ಗಣಕವೊಂದನ್ನು ಸೈನ್ಯದ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡು, 1960ರ ದಶಕದ ಆರಂಭದಲ್ಲಿ ಅದರ ಹಲ್ಲುಚಕ್ರಗಳಿಗೆ ಪೆನ್ನು ಜೋಡಿಸಿದ ಅವರ ಯಂತ್ರಗಳು, ಒಂದೊಂದು ಚಿತ್ರಕ್ಕೆ ಎರಡು ಗಂಟೆಯಿಂದ ಎರಡು ದಿನದವರೆಗೆ ಸಮಯ ತೆಗೆದುಕೊಂಡು, ಸುರುಳಿಗೆರೆಗಳ ಜಾಲವನ್ನು ಹೆಣೆಯುತ್ತಿದ್ದವು. ಅವುಗಳಲ್ಲೊಂದು 1968ರಲ್ಲಿ ಲಂಡನ್ನಿನ ‘ಸೈಬರ್ನೆಟಿಕ್ ಸೆರೆಂಡಿಪಿಟಿ’ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಚಿತ್ರಗಳು ಉಳಿದಿವೆ, ಆ ದಶಕದ ಯಂತ್ರಗಳು ಕೆಲಸ ಮಾಡುವ ಸ್ಥಿತಿಯಲ್ಲಿ ಉಳಿದಿಲ್ಲ.

ಈ ಕ್ಷೇತ್ರದ ನಿಜವಾದ ತಿರುವನ್ನು ತಂದವರು ಎಂಜಿನಿಯರುಗಳಲ್ಲ, ಬಣ್ಣದಲ್ಲಿ ಕೈ ಪಳಗಿದವರು. 1966ರ ವೆನಿಸ್ ದ್ವೈವಾರ್ಷಿಕದಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದವರಲ್ಲಿ ಒಬ್ಬರಾಗಿದ್ದ ಹೆರಾಲ್ಡ್ ಕೋಹೆನ್, 1968ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಗೆ ಹೋಗಿ, ನಡುವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ‘ಆರನ್’ ಎಂಬ ತಂತ್ರಾಂಶವನ್ನು 1970ರ ದಶಕದಿಂದ 2016ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದರು. ಆರನ್‌ಗೆ ಯಾವ ಛಾಯಾಚಿತ್ರವನ್ನೂ ತೋರಿಸುತ್ತಿರಲಿಲ್ಲ. ಒಳಗು–ಹೊರಗು, ಮುಚ್ಚಿದ ಆಕಾರ–ತೆರೆದ ಆಕಾರ, ಮುಂದಿನದು–ಹಿಂದಿನದು ಎಂಬಂಥ, ಚಿತ್ರಕಾರನ ಕೈಗೆ ಗೊತ್ತಿದ್ದರೂ ಬಾಯಿಗೆ ಬಾರದ ತಿಳಿವಳಿಕೆಯನ್ನು ಕೋಹೆನ್ ನಿಯಮಗಳಾಗಿ ಬರೆದಿದ್ದರು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪೆನ್ನು ಹೊತ್ತ ಪುಟ್ಟ ಚಕ್ರದ ಬಂಡಿಯೊಂದು, ಆಗಿನ ಮಾತಿನಲ್ಲಿ ‘ಆಮೆ’, ನೆಲಕ್ಕೆ ಹಾಸಿದ ಕಾಗದದ ಮೇಲೆ ಓಡಾಡಿ ಆ ನಿಯಮಗಳನ್ನು ಗೆರೆಯಾಗಿಸಿತು. ಆದರೂ ಬಣ್ಣ ತುಂಬುವ ಕೆಲಸ ಬಹುಕಾಲ ಕೋಹೆನ್ನರ ಕೈಯಲ್ಲೇ ಉಳಿದಿತ್ತು. 1995ರಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಅವರೇ ಕಟ್ಟಿದ ಯಂತ್ರ ಬಣ್ಣದ ದ್ರವಗಳನ್ನು ತಾನೇ ಬೆರೆಸಿ, ಬಟ್ಟಲಿಗೆ ತುಂಬಿ, ಕಾಗದಕ್ಕೆ ಹಚ್ಚಿದಾಗ, ಕುಂಚದ ಕೆಲಸವೆಂದರೆ ಗೆರೆ ಎಳೆಯುವುದಕ್ಕಿಂತ ಹೆಚ್ಚಾಗಿ ಬೆರೆಸುವ, ತುಂಬುವ, ಹಚ್ಚುವ ಸಾಲುಗೆಲಸ ಎಂಬುದು ಎದ್ದು ಕಂಡಿತು. ಮುಂದೆ ಅವರು ಯಂತ್ರವನ್ನು ಬಿಟ್ಟು ದೊಡ್ಡ ಮುದ್ರಣಯಂತ್ರಗಳತ್ತ ಹೊರಳಿದ್ದು ತಂತ್ರಾಂಶಕ್ಕೆ ಲಾಭವಾಗಿರಬಹುದು. ಯಂತ್ರ ಕಟ್ಟುವವರಿಗೆ ಅದು ನಷ್ಟವೇ.

ಕೋಹೆನ್ನರಷ್ಟು ಹೆಸರಾಗದಿದ್ದರೂ ಅವರಷ್ಟೇ ಮುಖ್ಯರಾದವರು ಅಮೆರಿಕದ ರೋಮನ್ ವೆರೊಸ್ಟ್ಕೊ. ಹಿಂದೆ ಬೆನೆಡಿಕ್ಟೀನ್ ಸಂನ್ಯಾಸಿಯಾಗಿದ್ದ ಈ ಚಿತ್ರಕಾರರು 1987ರಲ್ಲಿ ಪ್ಲಾಟರ್‌ನ, ಅಂದರೆ ಎಂಜಿನಿಯರಿಂಗ್ ನಕಾಶೆಗಳನ್ನು ಪೆನ್ನಿನಿಂದ ಬರೆಯುವ ಯಂತ್ರದ, ತೋಳಿಗೆ ಪೂರ್ವ ಏಷ್ಯಾದ ಶಾಯಿಕುಂಚವನ್ನು ಹೊಂದಿಸಿದರು. ಸಂಗತಿ ಸಣ್ಣದೆನಿಸಿದರೂ ಕುಂಚವನ್ನು ಯಂತ್ರಕ್ಕೆ ಒಗ್ಗಿಸುವ ಇಡೀ ಸಮಸ್ಯೆ ಅಲ್ಲಿಂದಲೇ ಆರಂಭವಾಗುತ್ತದೆ.

2000ದ ನಂತರ ಬಿಡಿಭಾಗಗಳು ಅಗ್ಗವಾದವು. 2002ರಲ್ಲಿ ಯೂರ್ಗ್ ಲೇನಿ ಮತ್ತು ಉಲಿ ಫ್ರಾಂಕೆ ಗೋಡೆಯ ಎರಡು ಮೇಲ್ಮೂಲೆಗಳ ಮೋಟಾರುಗಳಿಂದ ಸ್ಪ್ರೇ ಡಬ್ಬಿಯೊಂದನ್ನು ತೂಗುಬಿಟ್ಟ ‘ಹೆಕ್ಟರ್’ ಇಂದಿನ ಗೋಡೆಯಂತ್ರಗಳಿಗೆಲ್ಲ ಮಾದರಿಯಾಯಿತು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಸಣ್ಣ ನಿಯಂತ್ರಕ ಫಲಕವೂ, 2009ರಲ್ಲಿ ಅದಕ್ಕಾಗಿ ಮುಕ್ತವಾಗಿ ಸಿಕ್ಕ ‘ಗರ್ಬಲ್’ ಎಂಬ ಚಲನೆಯ ತಂತ್ರಾಂಶವೂ ಸೇರಿ, ಮೂರು ಸ್ಟೆಪ್ಪರ್ ಮೋಟಾರು, ಹಲ್ಲಿನ ಬೆಲ್ಟು, ಅಲ್ಯೂಮಿನಿಯಂ ಪಟ್ಟಿಗಳಿದ್ದರೆ ಯಾರಾದರೂ ಯಂತ್ರ ಕಟ್ಟಬಹುದೆಂಬ ಸ್ಥಿತಿ ಬಂತು. ಬೆಂಗಳೂರಿನಲ್ಲಿ ಇವೆಲ್ಲ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೇ ದೊರೆಯುತ್ತವೆ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಾಗಿ ಇಡುತ್ತದೆ. ಚಾಲಕ ಫಲಕ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ, 2 ಮಿಲಿಮೀಟರ್ ಅಂತರದ ಹಲ್ಲುಗಳ ಬೆಲ್ಟು ಮತ್ತು 20 ಹಲ್ಲಿನ ಗಾಲಿಯೊಡನೆ, ಪ್ರತಿ ಮಿಲಿಮೀಟರಿಗೆ 80 ಹೆಜ್ಜೆಗಳ ಸೂಕ್ಷ್ಮತೆ ಲೆಕ್ಕದಲ್ಲಿ ಸಿಗುತ್ತದೆ. ಈ ಲೆಕ್ಕವನ್ನು ಹೆಮ್ಮೆಯಿಂದ ಹೇಳುವವರು ಬಹಳ. ಪೆನ್ನಿಗೆ ಅದು ಸಾಕು, ಕುಂಚಕ್ಕೆ ಅದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಬಣ್ಣದಲ್ಲಿ ಅದ್ದಿ ಎತ್ತಿದ ಕುಂಚ ಮೊದಲು ದಟ್ಟವಾಗಿ ಬಣ್ಣ ಬಿಟ್ಟು, ಬರಬರುತ್ತಾ ತೆಳುವಾಗಿ, ಕಡೆಗೆ ಒಣಗೆರೆ ಎಳೆಯುತ್ತದೆ. ಕೂದಲ ತುದಿ ಹಿಡಿಕೆಯ ಹಿಂದೆ ಬಾಗಿ ಬರುವುದರಿಂದ ಯಂತ್ರ ದಿಕ್ಕು ಬದಲಿಸಿದ ಮೇಲೂ ತುದಿ ಕ್ಷಣಕಾಲ ಹಳೆಯ ದಿಕ್ಕಿನಲ್ಲೇ ಇದ್ದು, ಚೌಕದ ಮೂಲೆ ದುಂಡಗಾಗುತ್ತದೆ. ಒತ್ತಡ ಹೆಚ್ಚಿದಂತೆ ಗೆರೆ ಅಗಲವಾಗುತ್ತದೆ. ಅಕ್ರಿಲಿಕ್ ಬಣ್ಣವಾದರೆ ತೊಳೆಯುವುದು ಸ್ವಲ್ಪ ತಡವಾದರೂ ಕುಂಚ ಕಡ್ಡಿಯಾಗುತ್ತದೆ. ಮನೆಯಲ್ಲಿ ಕಟ್ಟಿದ ಯಂತ್ರಗಳಲ್ಲಿ ಹೆಚ್ಚಿನವು ಕುಂಚವನ್ನು ಪುಟ್ಟ ಸರ್ವೊ ಮೋಟಾರಿನಿಂದ ಮೇಲೆ–ಕೆಳಗೆ ಎಂಬ ಎರಡೇ ಸ್ಥಾನಗಳಲ್ಲಿ ನಿಲ್ಲಿಸುತ್ತವೆ, ಹಾಗೆ ನಿಲ್ಲಿಸಿದೊಡನೆ ಕುಂಚ ಮತ್ತೆ ಪೆನ್ನಾಗುತ್ತದೆ.

ಇದಕ್ಕೆ ಸರಿಯಾದ ಉತ್ತರ ಕಣ್ಣಿನಿಂದ ಬಂತು. ಜರ್ಮನಿಯ ಕೊನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ಆಲಿವರ್ ಡಾಯ್ಸನ್ ಮತ್ತು ಥಾಮಸ್ ಲಿಂಡೆಮೈಯರ್ ರೂಪಿಸಿದ ‘ಇ-ಡೇವಿಡ್’ ಕೆಲವು ಗೆರೆಗಳನ್ನು ಹಚ್ಚಿ ನಿಂತು, ಕ್ಯಾಮೆರಾದಿಂದ ಕ್ಯಾನ್ವಾಸನ್ನು ನೋಡಿ, ಗುರಿಯ ಚಿತ್ರದೊಡನೆ ಹೋಲಿಸಿ ಮುಂದಿನ ಗೆರೆಗಳನ್ನು ಲೆಕ್ಕ ಹಾಕುತ್ತದೆ. ಫಲಿತವನ್ನು ನೋಡಿ ಮುಂದಿನ ಹೆಜ್ಜೆ ತಿದ್ದುವ ಈ ಕ್ರಮವನ್ನು ಮರುಮಾಹಿತಿ ಎನ್ನುತ್ತಾರೆ. ಇ-ಡೇವಿಡ್ ಮಾತ್ರ ಕೈಗಾರಿಕಾ ರೋಬೋಟಿನ ತೋಳು. ಅದೇ ತತ್ತ್ವವನ್ನು ತಾವೇ ಕಟ್ಟಿದ ಯಂತ್ರಗಳಲ್ಲಿ ವರ್ಷಗಟ್ಟಲೆ ಪಳಗಿಸಿದವರು ಅಮೆರಿಕದ ಪಿಂಡಾರ್ ವ್ಯಾನ್ ಆರ್ಮನ್. ಬಿಂಬ ಮುದ್ರಿಸುವುದನ್ನು ಹೊರಗಿಟ್ಟು ಕುಂಚ–ಬಣ್ಣಗಳನ್ನೇ ಕಡ್ಡಾಯ ಮಾಡಿದ್ದ, 2016ರಿಂದ 2018ರವರೆಗೆ ನಡೆದ ‘ರೋಬೋಟ್‌ಆರ್ಟ್’ ಸ್ಪರ್ಧೆಯ ಕೊನೆಯ ವರ್ಷದಲ್ಲಿ ಅವರ ‘ಕ್ಲೌಡ್‌ಪೇಂಟರ್’ ಮೊದಲ ಸ್ಥಾನ ಪಡೆಯಿತು. ಸುದ್ದಿಯಾದದ್ದು ಮಾತ್ರ 2019ರಲ್ಲಿ ಮನುಷ್ಯನ ಮುಖ ತೊಡಿಸಿ ತಂದ ‘ಐ-ಡಾ’ ಎಂಬ ರೋಬೋಟು. ಕುಂಚ ಹಿಡಿಯಲು ರೆಪ್ಪೆ ಬಡಿಯುವ ಮುಖವೇಕೆ ಬೇಕೆಂದು ಯಾರೂ ಕೇಳಿದಂತಿಲ್ಲ.

ಇಷ್ಟಾದರೂ ಕುಂಚದ ಕುರಿತ ತಿಳಿವಳಿಕೆ ಒಂದೆಡೆ ಸೇರಿಲ್ಲ. ಸರ್ಕಿಟ್ಟಿನ ನಕ್ಷೆ, ತಂತ್ರಾಂಶದ ಸಾಲುಗಳು ಎಲ್ಲರಿಗೂ ಸಿಗುತ್ತವೆ. ಬಣ್ಣಕ್ಕೆ ಎಷ್ಟು ನೀರು ಬೆರೆಸಲಾಯಿತು, ಎಷ್ಟನೆಯ ನಂಬರಿನ ಕುಂಚ, ಒಮ್ಮೆ ಅದ್ದಿದರೆ ಎಷ್ಟುದ್ದ ಗೆರೆ ಬಂತು, ಯಾವ ಕಾಗದ ಎಷ್ಟು ಹೀರಿತು ಎಂಬುದನ್ನು ಬರೆದಿಡುವವರು ಅಪರೂಪ. ಮೋಟಾರು ಅಗ್ಗವಾದಾಗಲೆಲ್ಲ ಯಂತ್ರಗಳ ಸಂಖ್ಯೆ ಏರಿತೇ ಹೊರತು, ಚಿತ್ರ ಬದಲಾದದ್ದು ಬಹುಪಾಲು ಬಣ್ಣ ಬಲ್ಲವರು ಯಂತ್ರದ ಬಳಿಗೆ ಬಂದಾಗಲೇ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೂ ಈ ಯಂತ್ರ ಹೊಸದಲ್ಲ. ಆದರೆ ಮೌಖಿಕ ಪರೀಕ್ಷೆ ಮುಗಿಯುತ್ತಲೇ ಮೋಟಾರುಗಳು ಮುಂದಿನ ಪ್ರಾಜೆಕ್ಟಿಗೆ ಹೋಗಿ, ವರದಿಯಷ್ಟೇ ಕಪಾಟು ಸೇರುತ್ತದೆ. ಯಂತ್ರ ಬಿಚ್ಚುವ ಮೊದಲು ಕೆಟ್ಟ ಹಾಳೆಗಳನ್ನೂ ಸೇರಿಸಿ ಅದರ ಚಿತ್ರಗಳನ್ನು ಬಣ್ಣದ ವಿವರದೊಡನೆ ಉಳಿಸಿಕೊಳ್ಳಬೇಕು, ಅಂಥ ಪ್ರಾಜೆಕ್ಟಿನ ಮೌಲ್ಯಮಾಪನಕ್ಕೆ ಹತ್ತಿರದ ಚಿತ್ರಕಲಾ ಶಾಲೆಯ ಅಧ್ಯಾಪಕರೊಬ್ಬರನ್ನು ಕರೆಸಬೇಕು. ಇದಕ್ಕೆ ಹೊಸ ಅನುದಾನವೇನೂ ಬೇಕಾಗಿಲ್ಲ.