ಕಾರಣಕ್ಕಿಂತ ಮೊದಲು ಬಂದ ಲಸಿಕೆ

ದೆಹಲಿ ಕರ್ನಾಟಕ ಸಂಘದ ಸಮಾರಂಭಗಳಿಗೆಂದು ರಾಮಕೃಷ್ಣಪುರಕ್ಕೆ ಹೋಗಿಬರುವ ನಮ್ಮಲ್ಲಿ ಅನೇಕರು, ಅಲ್ಲಿಗೆ ಬಹುದೂರವಲ್ಲದ ಅರುಣಾ ಅಸಫ್ ಅಲಿ ಮಾರ್ಗದಲ್ಲಿರುವ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯ ಚರಿತ್ರೆಯನ್ನು ಅಷ್ಟಾಗಿ ಅರಿತಿಲ್ಲ. 1981ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ನಿರ್ದೇಶಕರು ಜಿ. ಪಿ. ತಲ್ವಾರ್. ಅದಕ್ಕೂ ಮೊದಲು, ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿದ್ದಾಗಲೇ, ಅವರು ಕುಷ್ಠರೋಗವನ್ನು ಕುರಿತು ಸಂಶೋಧನೆಗೆ ತೊಡಗಿದ್ದರು.

ಕುಷ್ಠದ ಉಗ್ರರೂಪದಲ್ಲಿ ರೋಗಾಣುಗಳು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶದೊಳಗೇ ಮನೆಮಾಡಿಕೊಳ್ಳುತ್ತವೆ. ಕಾವಲುಗಾರನೇ ಕಳ್ಳನಿಗೆ ಆಶ್ರಯ ಕೊಟ್ಟಂತೆ. ರೋಗ ತರದ, ಆದರೆ ಕುಷ್ಠಾಣುವಿನ ದೂರದ ಬಂಧುವಾದ ಒಂದು ಸೂಕ್ಷ್ಮಾಣುವನ್ನು ಕೊಂದು ಚುಚ್ಚಿದರೆ ಈ ಕಾವಲು ಎಚ್ಚೆತ್ತೀತೆ? ಔಷಧಗಳ ಜೊತೆಗೆ ಅದನ್ನು ದೆಹಲಿಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊಟ್ಟು ನೋಡಲಾಯಿತು. 1998ರಲ್ಲಿ ಅದಕ್ಕೆ ಸರಕಾರದ ಅನುಮತಿಯೂ ದೊರೆಯಿತು.

ಆದರೆ ಅದು ಕೋಶವನ್ನು ಎಬ್ಬಿಸುವುದು ಹೇಗೆ? 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಗುರುತಿಸಿದ್ದರು. ಅಪಾಯದ ಸುಳಿವು ಸಿಕ್ಕೊಡನೆ ಅದು ಕೋಶಕೇಂದ್ರವನ್ನು ಹೊಕ್ಕು ವಂಶವಾಹಿಗಳನ್ನು ಜಾಗೃತಗೊಳಿಸುತ್ತದೆ. ಹೊರಗಿನ ಸುಳಿವನ್ನು ಹಿಡಿಯುವ ಟೋಲ್ ಗ್ರಾಹಕವನ್ನು ಹಾಫ್‌ಮನ್ 1996ರಲ್ಲಿ ನೊಣದಲ್ಲಿಯೂ, ಅದರ ಬಂಧುವನ್ನು ಬಾಯ್ಟ್ಲರ್ 1998ರಲ್ಲಿ ಇಲಿಯಲ್ಲಿಯೂ ತೋರಿಸಿದರು. ಲಸಿಕೆಗೆ ಅನುಮತಿ ದೊರೆತದ್ದೂ, ಸಸ್ತನಿಗಳಲ್ಲಿ ಈ ಬಾಗಿಲು ತೆರೆದದ್ದೂ ಒಂದೇ ವರ್ಷ! ಚಿಕಿತ್ಸೆ ಮುಂದೆ, ಕಾರಣ ಹಿಂದೆ. ವೈದ್ಯಶಾಸ್ತ್ರದಲ್ಲಿ ಇದು ಅಪರೂಪವೇನಲ್ಲ.

ಸುಳಿವು ಒಂದೇ ಆದರೂ ಎಲ್ಲ ಕೋಶಗಳೂ ಒಂದೇ ಬಗೆಯಾಗಿ ಓಗೊಡುವುದಿಲ್ಲ. ಮ್ಯಾಕ್ರೊಫೇಜು ಉರಿಯೂತದ ಸಂದೇಶಗಳಾದ ಟಿಎನ್‌ಎಫ್, ಐಎಲ್-12ರ ವಂಶವಾಹಿಗಳನ್ನು ತೆರೆಯುತ್ತದೆ. ಡೆಂಡ್ರಿಟಿಕ್ ಕೋಶವು ದುಗ್ಧಗ್ರಂಥಿಗೆ ಪಯಣಿಸಿ, ಶತ್ರುವಿನ ಗುರುತನ್ನು ಟಿ-ಕೋಶಗಳಿಗೆ ತೋರಿಸಲು ಬೇಕಾದುದನ್ನು ಸಿದ್ಧಗೊಳಿಸಿಕೊಳ್ಳುತ್ತದೆ. ಅಲ್ಪಾಯುಷಿ ನ್ಯೂಟ್ರೊಫಿಲ್ ಬಹುಮಟ್ಟಿಗೆ ಆಯುಧಗಳನ್ನು ಮೊದಲೇ ಹೊತ್ತು ಬಂದಿರುತ್ತದೆ. ಎನ್‌ಕೆ ಕೋಶವು ಐಎಲ್-12 ದೊರೆತೊಡನೆ ಇಂಟರ್‌ಫೆರಾನ್-ಗಾಮಾ ಸ್ರವಿಸಿ ಮ್ಯಾಕ್ರೊಫೇಜನ್ನೇ ಇನ್ನಷ್ಟು ಕೆರಳಿಸುತ್ತದೆ. ಕುಷ್ಠಾಣು ಅಡಗಿರುವ ಕೋಶಕ್ಕೆ ಬೇಕಾದದ್ದು ಈ ಕೆರಳಿಕೆಯೇ.

ದೆಹಲಿಯ ಸೂಕ್ಷ್ಮಾಣುವಿಗೆ 2009ರಲ್ಲಿ ಮೈಕೊಬ್ಯಾಕ್ಟೀರಿಯಂ ಇಂಡಿಕಸ್ ಪ್ರಾನಿ ಎಂದು ನಾಮಕರಣವಾಯಿತು. ಕೊನೆಯ ಪದದಲ್ಲಿ ತಲ್ವಾರರ ‘ಪ್ರಾಣ್’ ಎಂಬ ಹೆಸರೂ ಸಂಸ್ಥೆಯ ಆಂಗ್ಲ ಹ್ರಸ್ವನಾಮವಾದ ‘ಎನ್‌ಐಐ’ಯೂ ಬೆರೆತಿವೆ. 2014ರಲ್ಲಿ ಸಂಗೀತಾ ಭಾಸ್ಕರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಅದು ಬಿಸಿಜಿಗಿಂತ ಭಿನ್ನವಾಗಿ, ಟೋಲ್ ಗ್ರಾಹಕಗಳ ಮೂಲಕ ಮ್ಯಾಕ್ರೊಫೇಜನ್ನು ಪ್ರಚೋದಿಸುತ್ತದೆ ಎಂದು ತೋರಿಸಿತು. 2020ರಲ್ಲಿ, ಕೋವಿಡ್ಡಿನಿಂದ ತೀವ್ರವಾಗಿ ಬಳಲುತ್ತಿದ್ದವರ ಮೇಲೂ ಇದನ್ನು ಪರೀಕ್ಷೆಗೆ ಒಡ್ಡಲಾಯಿತು.