ಮನಗೂಳಿಯ ಭಾನುವಾರ

1987ರಲ್ಲಿ ಯಜಮಾನರಿಗೆ ವರ್ಗವಾಗಿ ಮೈಸೂರಿನಿಂದ ಮನಗೂಳಿಗೆ ಬಂದೆವು. ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಬರುತ್ತಿದ್ದ ವರ್ಷ. ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ನಿಂತಿತೆಂದರೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಹಿಂದಿ ಎಲ್ಲರಿಗೂ ಅಷ್ಟಕ್ಕಷ್ಟೆ. ಪಕ್ಕದ ಮನೆಯ ಅವ್ವ, “ಸೀತವ್ವ ಅಳಾಕ ಹತ್ಯಾಳ್ರೀ” ಎಂದು ಬಿಡಿಸಿ ಹೇಳುವರು. ಒಂದು ದಿನ ನನ್ನ ಮಗಳು ಕಿಸಕ್ಕನೆ ನಕ್ಕಳು. ನಾನು ಗದರಲಿಲ್ಲ; ಚೊಕ್ಕ ಕನ್ನಡ ನಮ್ಮದೇ ಎಂಬ ಬಿಂಕ ನನಗೂ ಇತ್ತಲ್ಲ! ಮುಂದಿನ ವಾರ ಅವ್ವ ಬರಲಿಲ್ಲ.

ಈ ಊರಿನಲ್ಲೇ ಕಲಚುರಿ ಬಿಜ್ಜಳನ ಕಾಲದ, 1161ರ ಕನ್ನಡ ಶಾಸನವಿದೆಯೆಂದು ನನಗೆ ತಿಳಿದದ್ದು ಆಮೇಲೆ. ಬಸವಣ್ಣನವರ ಬಾಗೇವಾಡಿಯೂ ಹತ್ತಿರವೇ. ನಾಚಿಕೆಯಾಯಿತು. ಮಗಳ ಕೈಹಿಡಿದು ಅವ್ವನ ಮನೆಗೆ ಹೋದೆ. “ಬಾರವ್ವ ತಂಗಿ, ಬಿಸಿ ರೊಟ್ಟಿ ಅದಾವ” ಎಂದು ಅವಳಿಗೆ ಮಣೆ ಹಾಕಿದರು.