ಟಿವಿ ಪಿಕ್ಚರು ಯಾರ ಅಟ್ಟದಲ್ಲಿದೆ?

ಟಿವಿಯ ಚರಿತ್ರೆಗೂ ನಮ್ಮ ಹಾಸನಕ್ಕೂ ಹತ್ತಿರದ ನಂಟು. ಇನ್‌ಸ್ಯಾಟ್ ಉಪಗ್ರಹಗಳನ್ನು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಇಲ್ಲೇ ಶುರುವಾಯಿತು. 1983ರ ಆಗಸ್ಟ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಬಿ ದೂರದರ್ಶನವನ್ನು ದೇಶದುದ್ದಕ್ಕೂ ಮುಟ್ಟಿಸಿತು. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪಿಕ್ಚರು, ಸಂಜೆ ಹಿಂದಿ ಪಿಕ್ಚರು. ಉಪಗ್ರಹದ ಲಗಾಮು ಹಾಸನದಲ್ಲಿತ್ತು, ಸರಿ. ಅದು ಹೊತ್ತು ತಂದದ್ದನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಯಾರು ನೋಡಿದರು, ಯಾರು ಹಿಡಿದಿಟ್ಟರು? ನಾವು ಕೇಳಬೇಕಾದ ಪ್ರಶ್ನೆ ಇದು.

ಪಿಕ್ಚರೇ ಬೇರೆ, ಟಿವಿಯಲ್ಲಿ ಬಂದ ಪಿಕ್ಚರೇ ಬೇರೆ. ರೀಲು ಪುಣೆಯ ಚಲನಚಿತ್ರ ಭಂಡಾರದಲ್ಲಿ ಸಿಗಬಹುದು. ಪ್ರಸಾರದ ದಿನ ಎಲ್ಲಿ ಕತ್ತರಿ ಬಿತ್ತು, ಯಾವ ಜಾಹೀರಾತು, ಯಾವ ಸುದ್ದಿ ನಡುವೆ ನುಗ್ಗಿತು ಅನ್ನೋದು ಅಂದು ಮನೆಯಲ್ಲಿ ತುಂಬಿಕೊಂಡ ಕ್ಯಾಸೆಟ್ಟಿನಲ್ಲಿರುತ್ತೆ. ದೊಡ್ಡ ಸಂಸ್ಥೆಗಳನ್ನು ನಂಬಿ ಕೂರುವಂತಿಲ್ಲ. ಬ್ರಿಟನ್ನಿನ ಬಿಬಿಸಿಯೇ 1970ರ ದಶಕದವರೆಗೂ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಕಪ್ಪು ಹೆಣ್ಣುಮಗಳು, ಗ್ರಂಥಪಾಲಕಿ, ಹೋರಾಟಗಾರ್ತಿ, 1979ರಿಂದ 2012ರಲ್ಲಿ ಸಾಯುವತನಕ ಹಗಲೂ ರಾತ್ರಿ ಟಿವಿ ರೆಕಾರ್ಡ್ ಮಾಡಿಸಿದಳು. ಸುಮಾರು 70 ಸಾವಿರ ಕ್ಯಾಸೆಟ್! ಆಕೆಗೆ ಅನುಕೂಲವಿತ್ತು. ನಮ್ಮ ಕೇರಿಗೆ?

ಇಲ್ಲಿ ವಿಸಿಆರ್ ಇದ್ದದ್ದು ಉಳ್ಳವರ ಮನೆಯಲ್ಲಿ. ಅವರಿಗೆ ಬೇಕಾದ್ದು ಉಳಿಯಿತು; ಬೇಡದ್ದರ ಮೇಲೆ ಮದುವೆ ವಿಡಿಯೊ ಬಂತು. ತುಂಡು ನೆಲ ಉಳಬೇಕೆಂದ ಚೋಮನ ಕತೆಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ‘ಚೋಮನ ದುಡಿ’ಗೆ ಸ್ವರ್ಣಕಮಲವೂ ಬಂತು. ಇಂಥ ಪಿಕ್ಚರನ್ನು ತುಂಬಿಡಬೇಕೆಂದು ಯಾವ ಧಣಿಗೆ ಅನ್ನಿಸೀತು? ಚೋಮನ ಮೊಮ್ಮಕ್ಕಳು ಕಿಟಕಿಯಾಚೆ ನಿಂತು ಟಿವಿ ನೋಡಿದ್ದಂತೂ ಯಾವ ಟೇಪಿನಲ್ಲೂ ಇಲ್ಲ.

ಆದ್ದರಿಂದ ಗೆಳೆಯರೆ, ಹುಡುಕಾಟ ಎರಡು ಕಡೆ ನಡೆಯಬೇಕು. ಒಂದು, ಅಟ್ಟ, ಗುಜರಿ, ಮುಚ್ಚಿಹೋದ ವಿಡಿಯೊ ಅಂಗಡಿಗಳ ಕಡೆ. ‘ಮದುವೆ’ ಅಂತ ಚೀಟಿ ಇದ್ದರೂ ಕ್ಯಾಸೆಟ್ಟನ್ನು ಕೊನೆತನಕ ಓಡಿಸಿ ನೋಡಿ. ಬಾಲದಲ್ಲಿ ಹಳೇ ಪ್ರಸಾರ ಉಳಿದಿರಬಹುದು. ಬೂಷ್ಟು ಹಿಡಿದದ್ದನ್ನು ಹಾಗೇ ಮೆಷಿನ್ನಿಗೆ ತುರುಕಬೇಡಿ. ಟೇಪೂ ಹೋಗುತ್ತೆ, ಹೆಡ್ಡೂ ಹೋಗುತ್ತೆ. ತಡವೂ ಬೇಡ: ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಿತು.

ಎರಡು, ಕೇರಿಯ ಹಿರಿಯರ ನೆನಪಿನ ಕಡೆ. ಯಾವ ಪಿಕ್ಚರು, ಯಾರ ಮನೆ ಟಿವಿ, ಒಳಗೆ ಕರೆದರಾ ಇಲ್ಲವಾ? ಮೇಷ್ಟ್ರುಗಳು, ವಿದ್ಯಾರ್ಥಿಗಳು ಹೋಗಿ ಕೇಳಿ, ಇಸವಿ ಸಮೇತ ಬರೆದುಕೊಳ್ಳಲಿ. ಏನು ತೋರಿಸಿದರು ಅಂತ ಕ್ಯಾಸೆಟ್ಟು ಹೇಳುತ್ತೆ. ಯಾರನ್ನು ಹೊರಗೆ ನಿಲ್ಲಿಸಿದ್ದರು ಅಂತ ಹೇಳೋರು ಇವರೇ.